ಕಂಟ್ರೋಲ್ ಗುಂಪಿನ ಅಕ್ಕನಾಗಮ್ಮ

ಐವತ್ತೆಂಟು ವರ್ಷದ ಬದುಕಿನಲ್ಲಿ ಅಕ್ಕನಾಗಮ್ಮನಿಗೆ "ನೀವು ಏನೂ ಮಾಡಬ್ಯಾಡ್ರಿ" ಎಂದು ಹೇಳಿದ ಮೊದಲ ವ್ಯಕ್ತಿ ತ್ರಿವೇಣಿ. ಅದಕ್ಕೇ ಆ ಮಾತು ಆಕೆಗೆ ಅಷ್ಟು ನಾಟಿತು.

ಹುಟ್ಟಿದ್ದು ಎಮ್ಮಿಗನೂರಿನಲ್ಲಿ, ಗದ್ದೆ ಇದ್ದವರ ಮನೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಕಂಪ್ಲಿಗೆ ಬಂದಳು. ಗಂಡ ನಾಗಭೂಷಣನ ಮನೆತನದ್ದು ಅಕ್ಕಿ ಮಿಲ್ಲು. ಅತ್ತೆ, ಮಾವ, ಇಬ್ಬರು ಮೈದುನರು, ಆಮೇಲೆ ಮೂರು ಮಕ್ಕಳು. ನಸುಕಿನಲ್ಲಿ ಬೀದಿ ನಲ್ಲಿಯಿಂದ ಹದಿನೈದು ಕೊಡ ನೀರು, ಆಮೇಲೆ ನಲವತ್ತು ರೊಟ್ಟಿ, ಆಮೇಲೆ ಮಿಕ್ಕ ದಿನ. ಕಾಲಕ್ರಮದಲ್ಲಿ ಬೋರು ಬಂತು, ಮಿಕ್ಸಿ ಬಂತು, ಬಟ್ಟೆ ಒಗೆಯುವ ಮಷೀನು ಬಂತು, ಸೊಸೆ ಸ್ಫೂರ್ತಿ ಬಂದಳು, ಸ್ಫೂರ್ತಿಯ ಜೊತೆ ಸ್ಕೂಟಿ ಬಂತು. ಒಂದೊಂದು ಬಂದಾಗಲೂ ಅಕ್ಕನಾಗಮ್ಮನ ಒಂದೊಂದು ಕೆಲಸ ಹೋಯಿತು. ಕೊನೆಗೆ ಮೊಣಕಾಲು ನೋವು ಬಂತು, ಬಿ.ಪಿ. ಬಂತು, ಶುಗರು ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸತೊಡಗಿತು.

ಡಾಕ್ಟರು ವಾಕಿಂಗ್ ಮಾಡಿ ಎಂದಿದ್ದರು. ಆಕೆ ಕೇಳಿರಲಿಲ್ಲ. "ಮಿಲ್ಲಿನ ಮಾಲಕರ ಹೆಂಡ್ತಿ ಬೀದ್ಯಾಗ ನಡಕೊಂತ ಹೊಂಟ್ರ ಮಂದಿ ಕಾರು ಮಾರ್‍ಯಾರ ಅಂತಾರ," ಎನ್ನುವುದು ಆಕೆಯ ವಾದ. ಇದನ್ನು ನಾಗಭೂಷಣನೂ ಒಪ್ಪಿದ್ದ. ಮನೆಯಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದ ವಿಷಯಗಳು ಭಾಳ ಕಡಿಮೆ.

ದೀಪಾವಳಿ ಕಳೆದ ಮೇಲೆ ತ್ರಿವೇಣಿ ಊರಿಗೆ ಬಂದಳು. ಸಂಡೂರಿನ ಹುಡುಗಿ, ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ನಲವತ್ತೈದು ದಾಟಿದ ಹೆಂಗಸರು ಗುಂಪಿನಲ್ಲಿ ವ್ಯಾಯಾಮ ಮಾಡಿದರೆ ಏನಾಗುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಅದಕ್ಕಾಗಿ ಹನ್ನೆರಡು ವಾರ ಕಂಪ್ಲಿಯಲ್ಲೇ ರೂಮು ಹಿಡಿದಿದ್ದಳು. ಬೇಕಾಗಿದ್ದದ್ದು ಮೂವತ್ತು ಹೆಂಗಸರು. ಎದುರು ಮನೆಯ ಗಾಯತ್ರಿ, ಅಂದರೆ ಬಟ್ಟೆ ಅಂಗಡಿಯವರ ಹೆಂಡತಿ, ಹೆಸರು ಕೊಟ್ಟಿದ್ದಾಳೆ ಎಂದು ತಿಳಿದ ತಕ್ಷಣ ಅಕ್ಕನಾಗಮ್ಮನೂ ಕೊಟ್ಟಳು.

ಕಲ್ಯಾಣ ಮಂಟಪದಲ್ಲಿ ಎಲ್ಲರನ್ನೂ ಅಳೆದರು. ತೂಕ, ಸೊಂಟ, ಬಿ.ಪಿ. ಕುರ್ಚಿಯಲ್ಲಿ ಕೂರಿಸಿ, ಕೈ ಎದೆಗೆ ಕಟ್ಟಿಸಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳುತ್ತೀರಿ ಎಂದು ಎಣಿಸಿದರು. ಅಕ್ಕನಾಗಮ್ಮ ಏಳು ಸಲ ಎದ್ದಳು. ಎಂಟನೆಯದಕ್ಕೆ ಕುರ್ಚಿಯೂ ಜೊತೆಗೆ ಎದ್ದಿತು. ಆಮೇಲೆ ತ್ರಿವೇಣಿ ಒಂದು ಡಬ್ಬಿಯಿಂದ ಚೀಟಿ ಎತ್ತಿಸಿದಳು. ಗಾಯತ್ರಿಗೆ ಬಂದದ್ದು ವ್ಯಾಯಾಮದ ಗುಂಪು. ಅಕ್ಕನಾಗಮ್ಮನಿಗೆ ಬಂದದ್ದು ಕಂಟ್ರೋಲ್ ಗುಂಪು.

"ಕಂಟ್ರೋಲಾ?" ಎಂದು ಅಕ್ಕನಾಗಮ್ಮ ಚೀಟಿಯನ್ನು ತಿರುಗಿಸಿ ನೋಡಿದಳು. ಕಂಪ್ಲಿಯಲ್ಲಿ ಕಂಟ್ರೋಲ್ ಎಂದರೆ ರೇಷನ್ ಅಂಗಡಿ, ಕಂಟ್ರೋಲ್ ಅಕ್ಕಿ. "ಯವ್ವಾ ತಂಗಿ, ನಮ್ಮದು ಸೋನಾ ಮಸೂರಿ ಮಿಲ್ಲು. ನನ್ನ ಕಂಟ್ರೋಲಿಗೆ ಹಾಕ್ತೀಯಲ್ಲ!"

"ಹಂಗಲ್ರಿ ಅಮ್ಮಾ," ಎಂದಳು ತ್ರಿವೇಣಿ. "ಅವರು ವ್ಯಾಯಾಮ ಮಾಡ್ತಾರ. ನೀವು ಏನೂ ಮಾಡಬ್ಯಾಡ್ರಿ, ಈಗ ಹೆಂಗ ಅದೀರೋ ಹಂಗ ಇರ್ರಿ. ಹನ್ನೆರಡು ವಾರ ಆದ ಮ್ಯಾಲೆ ಇಬ್ಬರನ್ನೂ ಹೋಲಿಸಿ ನೋಡ್ತೀನಿ. ಆಮ್ಯಾಲೆ ನಿಮಗೂ ಕಲಿಸ್ತೀನಿ, ಖರೇನ."

ಮೊದಲ ವಾರ ಅಕ್ಕನಾಗಮ್ಮ ಈ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ನಾಗಭೂಷಣ ಚಹಾ ಕೇಳಿದರೆ "ಡಾಕ್ಟರು ಏನೂ ಮಾಡಬ್ಯಾಡ ಅಂದಾರ್ರಿ" ಎಂದಳು. ಸ್ಫೂರ್ತಿ ಸೊಪ್ಪು ಸೋಸಲು ಕೊಟ್ಟರೆ ಅದೇ ಉತ್ತರ.

"ಹನ್ನೆರಡು ವಾರಾನೂ ಏನ್ರಿ ಅತ್ತಿ?" ಎಂದಳು ಸ್ಫೂರ್ತಿ, ಗೋಡೆಯ ಕ್ಯಾಲೆಂಡರ್ ನೋಡುತ್ತ.

ಆದರೆ ಏನೂ ಮಾಡದೆ ಕೂತವರಿಗೆ ಕಿಟಕಿ ಕಾಣುತ್ತದೆ. ಆ ಕಿಟಕಿಯಲ್ಲಿ ಬೆಳಿಗ್ಗೆ ಆರೂವರೆಗೆ ಗಾಯತ್ರಿ ಹೋಗುವುದು ಕಾಣುತ್ತಿತ್ತು. ಸೀರೆಯ ಮೇಲೆ ನೇರಳೆ ಬಣ್ಣದ ಟೀ ಶರ್ಟು, ಕಾಲಿಗೆ ಬಿಳಿ ಬೂಟು. ವ್ಯಾಯಾಮದ ಗುಂಪಿಗೆ ಟೀ ಶರ್ಟು ಕೊಟ್ಟಿದ್ದರು. ಹಾಡು ಹಾಕುವ ಪೆಟ್ಟಿಗೆ ಇತ್ತು. ಮುಗಿದ ಮೇಲೆ ಮೊಳಕೆ ಕಟ್ಟಿದ ಹೆಸರುಕಾಳು, ಒಂದೊಂದು ಬಾಳೆಹಣ್ಣು. ಕಂಟ್ರೋಲ್ ಗುಂಪಿಗೆ ಚೀಟಿ ಮಾತ್ರ.

ಎರಡನೆಯ ವಾರ ಅದೇ ಗುಂಪಿನ ಪಂಪಮ್ಮ ಬಂದಳು. ಆಕೆ ಜಂಪರು ಹೊಲಿಯುವವಳು, ಇಡೀ ದಿನ ಮಷೀನಿನ ಮುಂದೆ ಕೂತು ಸೊಂಟ ಹಿಡಿದಿತ್ತು. "ಅಕ್ಕಾ, ಇದು ಮೋಸ ಅಲ್ಲೇನ್ರಿ?" ಎಂದಳು. ಮೋಸವೇ ಎಂದು ಇಬ್ಬರೂ ಒಂದು ತಾಸು ತೀರ್ಮಾನಿಸಿದರು. ಆದರೆ ಇಂಥ ಮಾತಿಗೆ ಮನೆಯ ಕಟ್ಟೆ ಸರಿಯಾದ ಜಾಗವಲ್ಲ, ಗಾಯತ್ರಿಯ ಬಾಗಿಲು ಎದುರಿಗೇ ಇದೆ. ಮರುದಿನ ಬೆಳಿಗ್ಗೆ ಅವರು ಮಾತಾಡುವುದಕ್ಕೆಂದೇ ಕೋಟೆಯ ದಾರಿ ಹಿಡಿದರು. ಹೊಳೆ ದಂಡೆಯವರೆಗೆ ಎರಡು ಕಿಲೋಮೀಟರ್ ಇದ್ದೀತು. ಅಲ್ಲಿ ಯಾರಿಗೂ ಕೇಳಿಸುವುದಿಲ್ಲ. ಮೂರನೆಯ ದಿನ ಕಂಟ್ರೋಲ್ ಗುಂಪಿನ ಆರು ಜನ ಸೇರಿದರು, ವಾರದ ಹೊತ್ತಿಗೆ ಹನ್ನೊಂದು. ಅನ್ಯಾಯ ಅಷ್ಟು ದೊಡ್ಡದಿತ್ತು.

ಆ ಹನ್ನೊಂದರಲ್ಲಿ ಒಬ್ಬಳು ಯಲ್ಲಕ್ಕ. ವಯಸ್ಸು ಅರವತ್ತರ ಮೇಲೆ, ಎಷ್ಟು ಮೇಲೆ ಎಂದು ಆಕೆಗೂ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ನಾಗಭೂಷಣನ ಮಿಲ್ಲಿನ ಕಣದಲ್ಲಿ ಬತ್ತ ಹರವುವ, ತಿರುವುವ ಕೆಲಸ. ಅಳತೆಯ ದಿನ ತ್ರಿವೇಣಿ "ದಿನಾ ಮೈ ದಣಿಯೋ ಕೆಲಸ ಏನರ ಮಾಡ್ತೀರೇನ್ರಿ?" ಎಂದು ಕೇಳಿದಾಗ "ಇಲ್ಲವ್ವ, ಬರೇ ಕೂಲಿಗೆ ಹೋಗ್ತೀನಿ" ಎಂದಿದ್ದಳು. ಅಕ್ಕನಾಗಮ್ಮ ಇಪ್ಪತ್ತು ವರ್ಷದಲ್ಲಿ ಅವಳೊಡನೆ ಆಡಿದ ಮಾತೆಲ್ಲ ಸೇರಿಸಿದರೆ "ಬಂದೆ ಏನು", "ಮಳಿ ಬರೋ ಹಂಗೈತಿ, ತಾಡಪಾಲು ಎಳಿರಿ" ಎಂಬಷ್ಟೇ. ಚೀಟಿ ಇಬ್ಬರನ್ನೂ ಒಂದೇ ಸಾಲಿಗೆ ತಂದಿತ್ತು.

ಯಲ್ಲಕ್ಕನ ಹತ್ತಿರ ಎರಡು ಸಂಗತಿ ಇದ್ದವು. ಒಂದು, ಊರಿನ ಸುದ್ದಿಯೆಲ್ಲ ಅವಳಿಗೆ ಗೊತ್ತಿತ್ತು. ಯಾರ ಮನೆಯ ನಿಶ್ಚಿತಾರ್ಥ ಏಕೆ ಮುರಿಯಿತು, ಗಾಯತ್ರಿಯ ಮಗಳು ಕುರೆಕುಪ್ಪದಲ್ಲಿ ಅತ್ತೆಯ ಜೊತೆ ಏಕೆ ಮಾತು ಬಿಟ್ಟಿದ್ದಾಳೆ, ಎಲ್ಲ. ಎರಡು, ಅವಳು ಜೋರಾಗಿ ನಡೆಯುತ್ತಿದ್ದಳು. ಎಂಟಕ್ಕೆ ಕಣದಲ್ಲಿ ಇರಬೇಕಾದವಳು ನಿಧಾನ ನಡೆಯುವುದನ್ನು ಕಲಿತೇ ಇರಲಿಲ್ಲ. ಕಥೆಯನ್ನು ಮುಂದೆ ನೋಡುತ್ತ, ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಕೇಳಬೇಕಾದವರು ಪಕ್ಕದಲ್ಲೇ ಇರಬೇಕು.

"ಸ್ವಲ್ಪ ನಿಧಾನ ನಡಿಯಲೇ ಯಲ್ಲಕ್ಕ, ಆಮ್ಯಾಲೇನಾತು?" ಎಂದು ಅಕ್ಕನಾಗಮ್ಮ ಹಿಂದಿನಿಂದ ಕೂಗುತ್ತಿದ್ದಳು.

"ಬರ್ರಿ ಅಮ್ಮಾರ, ಅದನ್ನ ಕೂಗಿ ಹೇಳಾಕ ಬರಂಗಿಲ್ಲ," ಎಂದು ಯಲ್ಲಕ್ಕ ನಿಲ್ಲದೆ ಹೇಳುತ್ತಿದ್ದಳು.

ಮೊದಲ ದಿನಗಳಲ್ಲಿ ಅಕ್ಕನಾಗಮ್ಮನಿಗೆ ಸಿಕ್ಕಿದ್ದು ಕಥೆಗಳ ಮೊದಲರ್ಧ ಮಾತ್ರ. ಮಿಕ್ಕದ್ದನ್ನು ಪಂಪಮ್ಮ ಆಮೇಲೆ ಹೇಳುತ್ತಿದ್ದಳು, ಆದರೆ ಪಂಪಮ್ಮ ಹೇಳಿದರೆ ಯಾವ ಕಥೆಗೂ ಉಪ್ಪಿರುವುದಿಲ್ಲ. ನಾಲ್ಕನೆಯ ವಾರದಲ್ಲಿ ಆಕೆ ಮುಕ್ಕಾಲು ಕಥೆ ಕೇಳಿದಳು. ಆರನೆಯ ವಾರದಲ್ಲಿ, ಗಾಯತ್ರಿಯ ಮಗಳ ವಿಷಯ ಬಂದ ದಿನ, ಹೊಳೆ ದಂಡೆಯವರೆಗೂ ಯಲ್ಲಕ್ಕನ ಭುಜಕ್ಕೆ ಭುಜ ತಾಗಿಸಿಕೊಂಡೇ ಹೋದಳು. ಮೊಣಕಾಲು ಇದೆಯೆಂಬುದು ದಂಡೆಯ ಕಲ್ಲಿನ ಮೇಲೆ ಕೂತ ಮೇಲೆ ನೆನಪಾಯಿತು. ಮದುವೆಯಾಗಿ ಬಂದ ವರ್ಷ ಇದೇ ಹೊಳೆಗೆ ಪೂಜೆಗೆಂದು ಬಂದಿದ್ದಳು. ಆಮೇಲೆ, ಈ ಗುಂಪು ಕೂಡುವ ಮೊದಲು, ಬಂದದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ದಂಡೆಯ ಮೇಲೆ ಇನ್ನೊಂದು ಕಾರ್ಯಕ್ರಮ ಇರುತ್ತಿತ್ತು. ಪಂಪಮ್ಮ ಮಂಟಪದ ಕಿಟಕಿಯಿಂದ ವ್ಯಾಯಾಮ ನೋಡಿಕೊಂಡು ಬಂದಿದ್ದಳು. ಗಾಯತ್ರಿ ಹೇಗೆ ಕೈ ಎತ್ತುತ್ತಾಳೆ, ಹೇಗೆ ಕುಕ್ಕರಿಸಿ ಏಳುವಾಗ ಬಾಯಿ ಓರೆ ಮಾಡುತ್ತಾಳೆ, ಒಂಟಿ ಕಾಲಿನ ಮೇಲೆ ನಿಂತು ಹೇಗೆ ಕೊಕ್ಕರೆಯಂತೆ ಓಲಾಡುತ್ತಾಳೆ ಎಂದು ಮಾಡಿ ತೋರಿಸುತ್ತಿದ್ದಳು. ಅದನ್ನು ನೋಡಿ ಉಳಿದ ಹತ್ತು ಜನರೂ ಮಾಡುತ್ತಿದ್ದರು. ಸರಿಯಾಗಿ ಅಣಕಿಸಬೇಕೆಂದರೆ ಸರಿಯಾಗಿ ಮಾಡಬೇಕು. ನಗು ತಡೆಯಲಾಗದೆ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಬಟ್ಟೆ ಒಗೆಯಲು ಬಂದವರು ಒಗೆಯುವುದನ್ನು ಬಿಟ್ಟು ನೋಡುತ್ತಿದ್ದರು.

ಇತ್ತ ಮಂಟಪದಲ್ಲಿ ಮಾರ್ಗಶಿರದ ಚಳಿ ಹೊಕ್ಕಿತ್ತು. ನೇರಳೆ ಟೀ ಶರ್ಟಿನ ಹದಿನೈದು ಜನ ವಾರಕ್ಕೆ ಮೂರು ದಿನ ಸಾಲಾಗಿ ನಿಂತು, ಮಾತಾಡದೆ, ಎಣಿಸಿದಷ್ಟು ಮಾಡಿ, ಹಣ್ಣು ತಿಂದು ಆಟೋದಲ್ಲಿ ಮನೆಗೆ ಹೋಗುತ್ತಿದ್ದರು. ಕೆಲವರು ಹಣ್ಣಿನ ಹೊತ್ತಿಗೆ ಬರತೊಡಗಿದರು.

ಹನ್ನೆರಡು ವಾರ ಮುಗಿದು ಮತ್ತೆ ಅಳತೆಯ ದಿನ ಬಂತು. ಗಾಯತ್ರಿ ಮೊದಲ ಸಲ ಕುರ್ಚಿಯಿಂದ ಒಂಬತ್ತು ಸಲ ಎದ್ದವಳು ಈಗ ಹನ್ನೊಂದು ಸಲ ಎದ್ದಳು. ತ್ರಿವೇಣಿ ಚಪ್ಪಾಳೆ ತಟ್ಟಿದಳು. ಆಮೇಲೆ ಅಕ್ಕನಾಗಮ್ಮ ಕೂತಳು. ಏಳು, ಎಂಟು, ಒಂಬತ್ತು... ಹದಿಮೂರು. ಕುರ್ಚಿ ಅಲುಗಲಿಲ್ಲ. ಪಂಪಮ್ಮ ಹದಿನಾಲ್ಕು. ಎರಡು ಗೂಟಗಳ ನಡುವೆ ಆರು ನಿಮಿಷ ನಡೆಸಿದರೆ, ನೇರಳೆಯವರಿಗಿಂತ ಕಂಟ್ರೋಲಿನವರೇ ಹೆಚ್ಚು ದೂರ ಹೋಗಿದ್ದರು. ಯಲ್ಲಕ್ಕ ನಡೆದದ್ದನ್ನು ಬರೆದುಕೊಳ್ಳುವಾಗ ತ್ರಿವೇಣಿ ಟೇಪು ಹಿಡಿದು ಇನ್ನೊಮ್ಮೆ ನೆಲ ಅಳೆದಳು.

"ಅಮ್ಮಾ," ಎಂದಳು ಆಮೇಲೆ, ಅಳುವುದೊಂದು ಬಾಕಿ. "ಖರೇ ಹೇಳ್ರಿ. ಈ ಮೂರು ತಿಂಗಳಾಗ ನೀವು ಏನರ ವ್ಯಾಯಾಮ ಮಾಡಿದ್ರೇನು?"

"ಇಲ್ಲವ್ವ," ಎಂದಳು ಅಕ್ಕನಾಗಮ್ಮ. ಅದು ಸುಳ್ಳೆಂದು ಆಕೆಗೆ ಒಂದು ಕ್ಷಣವೂ ಅನ್ನಿಸಲಿಲ್ಲ. "ನೀ ಬ್ಯಾಡ ಅಂದಿದ್ದಿಯಲ್ಲ."

"ವಾಕಿಂಗ್?"

"ಯಾರು ಹೋಗ್ತಾರವ್ವ ವಾಕಿಂಗು! ಮಾತಾಡಾಕ ಹೊಳಿತನ ಹೋಗಿ ಬರ್ತಿದ್ವಿ, ಅಷ್ಟ."

"ಎಷ್ಟು ದಿನಕ್ಕೊಮ್ಮೆ?"

"ದಿನಾ," ಎಂದಳು ಪಂಪಮ್ಮ ಹೆಮ್ಮೆಯಿಂದ. "ಅಲ್ಲಿ ಸ್ವಲ್ಪ ನಗೋದು, ಕುಣಿಯೋದು."

ತ್ರಿವೇಣಿ ಪೆನ್ನು ಕೆಳಗಿಟ್ಟಳು. ಮರುದಿನ ಬೆಳಿಗ್ಗೆ ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ಅವರ ಜೊತೆ ಹೋದಳು. ಕೋಟೆಯ ಹತ್ತಿರ ಬರುವಷ್ಟರಲ್ಲಿ ಅವಳ ಉಸಿರು ಮೇಲೆ ಬಂದಿತ್ತು. ಪಂಪಮ್ಮ ಗಾಯತ್ರಿಯನ್ನು ಅಣಕಿಸುವುದನ್ನು ನೋಡಿ ನಕ್ಕಳು, ನಕ್ಕದ್ದಕ್ಕೆ ಬೇಜಾರು ಮಾಡಿಕೊಂಡಳು. ನಡೆದದ್ದನ್ನೆಲ್ಲ ಕಾಲೇಜಿನಲ್ಲಿ ಪ್ರಬಂಧ ನೋಡುವ ತನ್ನ ಸರ್‌ಗೆ ಪ್ರಾಮಾಣಿಕವಾಗಿ ಬರೆದು ಕಳಿಸಿದಳು. ಸರ್ ಒಂದು ಸಾಲು ಸೇರಿಸು ಎಂದರು. ಹೀಗೆ ಅಕ್ಕನಾಗಮ್ಮನ ಮೂರು ತಿಂಗಳು ಪ್ರಬಂಧದ ಕೊನೆಗೆ ಸೇರಿತು: ಕಂಟ್ರೋಲ್ ಗುಂಪಿನವರು ಸೂಚನೆಗಳನ್ನು ಪಾಲಿಸದಿರುವುದು ಈ ಅಧ್ಯಯನದ ಒಂದು ಕೊರತೆ.

ಆದರೆ ತ್ರಿವೇಣಿ ಕೊಟ್ಟ ಮಾತು ತಪ್ಪುವವಳಲ್ಲ. ಶಿವರಾತ್ರಿಯ ನಂತರ ಕಂಟ್ರೋಲ್ ಗುಂಪಿಗೂ ಕ್ಲಾಸು ಶುರು ಮಾಡಿದಳು. ಟೀ ಶರ್ಟು ಬಂತು, ಹಾಡು ಬಂತು, ಹೆಸರುಕಾಳು ಬಂತು. ಕಂಪ್ಲಿಯ ರೂಮು ಬಿಟ್ಟಿದ್ದರಿಂದ ಅವಳು ಬಳ್ಳಾರಿಯಿಂದ ಬಸ್ಸು ಹಿಡಿದು ಬರಬೇಕಿತ್ತು, ಹಾಗಾಗಿ ಕ್ಲಾಸು ಒಂಬತ್ತಕ್ಕೆ. ಆ ಹೊತ್ತಿಗೆ ಯಲ್ಲಕ್ಕ ಕಣದಲ್ಲಿ ಇರುತ್ತಿದ್ದಳು.

"ಆಕೀನ ಒಂದು ತಾಸು ಬಿಡ್ರಿ," ಎಂದು ಅಕ್ಕನಾಗಮ್ಮ ಗಂಡನಿಗೆ ಹೇಳಿ ನೋಡಿದಳು.

"ಒಬ್ಬಾಕಿಗೆ ಬಿಟ್ರ ಎಲ್ಲಾರೂ ವ್ಯಾಯಾಮಕ್ಕ ಹೊಂಟು ನಿಂದ್ರತಾರ," ಎಂದ ನಾಗಭೂಷಣ. "ಬತ್ತ ತಿರುವೋದು ವ್ಯಾಯಾಮ ಅಲ್ಲೇನು?"

ಅಕ್ಕನಾಗಮ್ಮ ನೇರಳೆ ಟೀ ಶರ್ಟು ತೊಟ್ಟು ಸಾಲಿನಲ್ಲಿ ನಿಂತಳು. ಮಾತಾಡಿದರೆ ತ್ರಿವೇಣಿ "ಅಮ್ಮಾ, ಉಸಿರಿನ ಕಡೆ ಗಮನ ಕೊಡ್ರಿ" ಎನ್ನುತ್ತಿದ್ದಳು. ಹೊಳೆಯ ಕಡೆ ಹೋಗುವುದು ನಿಂತಿತು. ಹೋಗಿ ಹೇಳಿಕೊಳ್ಳುವುದಕ್ಕೆ ಅನ್ಯಾಯ ಯಾವುದೂ ಉಳಿದಿರಲಿಲ್ಲ. ನಾಲ್ಕು ವಾರವಾಗುವಷ್ಟರಲ್ಲಿ ಮೆಟ್ಟಿಲಿಳಿಯುವಾಗ ಮೊಣಕಾಲು ಹಳೆಯ ಗುರುತು ಹಿಡಿದು ಮಾತಾಡಿಸಿತು. ಅದಕ್ಕಿಂತ ಹೆಚ್ಚಾಗಿ, ಊರಿನಲ್ಲಿ ಏನು ನಡೆಯುತ್ತಿದೆ ಎಂಬುದೇ ಆಕೆಗೆ ತಿಳಿಯದಂತಾಗಿತ್ತು.

ಒಂದು ಬೆಳಿಗ್ಗೆ ಆಕೆ ಪಂಪಮ್ಮನನ್ನು ಕರೆದುಕೊಂಡು ಕಾಲುವೆಯಾಚೆಯ ಓಣಿಗೆ ಹೋದಳು. ಇಪ್ಪತ್ತು ವರ್ಷ ತಮ್ಮ ಮಿಲ್ಲಿನ ಕಣದಲ್ಲಿ ದುಡಿದವಳ ಮನೆಯನ್ನು ಕೇಳಿ ಕೇಳಿ ಹುಡುಕಬೇಕಾಯಿತು. ಯಲ್ಲಕ್ಕ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು.

"ಯಾಕ್ರಿ ಅಮ್ಮಾರ, ಮಿಲ್ಲಿನಾಗೇನರ ಆತೇನ್ರಿ?" ಎಂದಳು ಗಾಬರಿಯಾಗಿ.

"ಮಿಲ್ಲಿಗೇನೂ ಆಗಿಲ್ಲ. ಕ್ಲಾಸು ಬಿಟ್ಟೆ. ಹೊಳಿಗೆ ಬರ್ತೀ ಏನು?"

ಯಲ್ಲಕ್ಕ ಆಕೆಯನ್ನು ಒಮ್ಮೆ ನೋಡಿದಳು. "ಕುಂದ್ರಿ, ಚಾ ಕುಡೀರಿ ಮೊದಲು," ಎಂದಳು. ಅಕ್ಕನಾಗಮ್ಮ ಕೂತಳು, ಕುಡಿದಳು. ಆಮೇಲೆ ಮೂವರೂ ಹೊರಟರು.

ಈಗ ದಿನಾ ಎಂಟೊಂಬತ್ತು ಜನ ಹೋಗುತ್ತಾರೆ. ತ್ರಿವೇಣಿ ಪಾಸಾಗಿ ಹೊಸಪೇಟೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ತನ್ನಲ್ಲಿಗೆ ಬರುವ ಹೆಂಗಸರಿಗೆ ಜೊತೆಗಾರರನ್ನು ಹುಡುಕಿಕೊಳ್ಳಿ ಎಂದು ಹೇಳುತ್ತಾಳಂತೆ, ಏಕೆ ಎಂದು ಮಾತ್ರ ಪೂರ್ತಿ ಹೇಳುವುದಿಲ್ಲವಂತೆ. ಕಳೆದ ತಿಂಗಳು ಗಾಯತ್ರಿ ಬಿಳಿ ಬೂಟು ಹಾಕಿಕೊಂಡು ದಾರಿಯಲ್ಲಿ ಕಾಯುತ್ತ ನಿಂತಿದ್ದಳು.

"ಒಬ್ಬಾಕಿಗೆ ಮನಿಯಾಗ ಮಾಡಾಕ ಬ್ಯಾಸರ ಆಗತೈತ್ರಿ. ನಾನೂ ಬರ್ಲೇನ್ರಿ?" ಎಂದು ಕೇಳಿದಳು.

ಅಕ್ಕನಾಗಮ್ಮನಿಗಿಂತ ಮೊದಲು ಯಲ್ಲಕ್ಕನೇ ಹೇಳಿದಳು. "ಬರ್ರಿ ಅಮ್ಮಾರ, ಯಾರು ಬ್ಯಾಡಂತಾರ? ಆದ್ರ ವಾರದಾಗ ಎರಡು ದಿನ ತಪ್ಪಿಸಬೇಕು ನೀವು."

"ಯಾಕ?"

"ಆ ಎರಡು ದಿನ ನಿಮ್ಮ ಸುದ್ದಿ ಮಾತಾಡೋದಿರತೈತ್ರಿ."

ಗಾಯತ್ರಿ ಬೆರಳು ಮಡಚಿ ವಾರದ ದಿನ ಎಣಿಸಿದಳು. ಮಂಗಳವಾರ ಮತ್ತು ಶುಕ್ರವಾರ ತನಗೆ ಹೇಗೂ ಮನೆಯಲ್ಲಿ ಪೂಜೆ ಇರುತ್ತದೆ ಎಂದಳು.