ಬೈರಮ್ಮ ಬೇರೆ ಎತ್ತಿಟ್ಟ ಏಳು ಸ್ಲೈಡು

ಬೈರಮ್ಮನ ಮೇಲೆ ನಾನು ರೇಗಿದ್ದು ಒಂದೇ ಸಲ. ಅದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆ.

ಅವರು ಚಂದಾಪುರದ ಪಕ್ಕದ ಹಳ್ಳಿಯವರು. ಬೊಮ್ಮಸಂದ್ರದ ಔಷಧ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಇಂಜೆಕ್ಷನ್ ಬಾಟಲಿ ನೋಡುವ ಕೆಲಸ ಮಾಡಿದ್ದರು. ಪ್ರತಿ ಬಾಟಲಿಯನ್ನೂ ಒಮ್ಮೆ ಬಿಳಿ ಹಲಗೆಯ ಮುಂದೆ, ಒಮ್ಮೆ ಕಪ್ಪು ಹಲಗೆಯ ಮುಂದೆ ಹಿಡಿದು, ಒಂದೆಳೆ ಕಸ ಕಂಡರೂ ಪಕ್ಕಕ್ಕಿಡಬೇಕು. ಸುಮ್ಮಸುಮ್ಮನೆ ರಿಜೆಕ್ಟ್ ಮಾಡುತ್ತಾಳೆಂದು ಸೂಪರ್‌ವೈಸರ್ ಕೆಲಸದಿಂದ ತೆಗೆದ. ನಮ್ಮ ವನ್ಯಜೀವಿ ಲ್ಯಾಬಿಗೆ ಗಾಜಿನ ಸಾಮಾನು ತೊಳೆಯಲು ಬಂದವರು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡಿಗೆ ಬಣ್ಣ ಹಾಕುವುದನ್ನೂ ಕಲಿತರು.

ಆನೇಕಲ್ ಸುತ್ತಮುತ್ತ ವಾಹನಕ್ಕೆ ಸಿಕ್ಕು ಸತ್ತ ಕಾಡುಬೆಕ್ಕುಗಳ ಕರುಳಿನ ಲಾಡಿಹುಳುಗಳು ನಲವತ್ತು ಸ್ಲೈಡಿನಲ್ಲಿದ್ದವು. ಡಾಕ್ಟರ್ ಕೊಟ್ರೇಶ್ ಎಂಬ ಮಹಾಪಂಡಿತನಾದ ನಾನು ನಾಲ್ಕನ್ನು ನೋಡಿ, ಎಲ್ಲವೂ ಊರಬೆಕ್ಕಿನ ಮಾಮೂಲಿ ಹುಳುವೆಂದು ಬರೆದುಬಿಟ್ಟೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕಲ್ಲ! ವರದಿ ಸೋಮವಾರ ಹೋಗಬೇಕು. ಸ್ಲೈಡಿನ ಡಬ್ಬಿ ತೆರೆದರೆ ಬೈರಮ್ಮ ಏಳನ್ನು ಬೇರೆ ಎತ್ತಿಟ್ಟಿದ್ದಾರೆ, ಮೇಲೆ ಕೆಂಪು ಟೇಪು.

ಯಾರನ್ನು ಕೇಳಿ ಮುಟ್ಟಿದಿರಿ ಎಂದು ಕೂಗಾಡಿದೆ. ಕಾರ್ಖಾನೆಯವರು ನಿಮ್ಮನ್ನು ಸುಮ್ಮನೆ ತೆಗೆದಿಲ್ಲ ಎಂದೂ ಅಂದುಬಿಟ್ಟೆ. ಥೂ, ನನ್ನ ನಾಲಿಗೆಗಿಷ್ಟು!

ಅವರ ಕಣ್ಣು ತುಂಬಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ.

"ಇವು ಬ್ಯಾರೆ ಸಾರ್. ತಲೆ ಮ್ಯಾಲಿನ ಕೊಕ್ಕೆ ಮೋಟು. ತಪ್ಪಾಗಿದ್ರೆ ನಾಳೆಯಿಂದ ನಾನು ಬರಾಕಿಲ್ಲ."

ಅವರ ಬಾಯಿ ಮುಚ್ಚಿಸಲೆಂದೇ ಅಳೆದೆ. ಏಳರಲ್ಲೂ ಕೊಕ್ಕೆಯ ಉದ್ದ ಮಾಮೂಲಿಯ ಮುಕ್ಕಾಲೂ ಇಲ್ಲ.

ವರದಿ ತಡೆದೆ. ಲಾಡಿಹುಳುವಿನ ಮರಿ ಬೆಳೆಯುವುದು ಬೆಕ್ಕು ತಿನ್ನುವ ಇಲಿಯೊಳಗೆ; ಹುಳು ನಿಜಕ್ಕೂ ಬೇರೆಯಾದರೆ ಅಂಥದ್ದೇ ಮೋಟು ಕೊಕ್ಕೆಯ ಮರಿ ಅಲ್ಲೂ ಸಿಗಬೇಕು. ಲ್ಯಾಬಿನ ಸ್ಪಿರಿಟ್ ಜಾಡಿಗಳಲ್ಲಿ ಮೊದಲೇ ಇಟ್ಟಿದ್ದ, ಅದೇ ಸುತ್ತಿನ ಹೊಲದ ಇಲಿಗಳ ಯಕೃತ್ತನ್ನು ಇಬ್ಬರೂ ಹದಿನೆಂಟು ದಿನ ಜಾಲಾಡಿದೆವು. ಮೂರು ಇಲಿಗಳ ಯಕೃತ್ತಿನ ಗಂಟುಗಳಲ್ಲಿ ಅದೇ ಮೋಟು ಕೊಕ್ಕೆಯ ಮರಿಹುಳು! ಅವನ್ನೂ, ಬೆಕ್ಕಿನ ಆ ಏಳು ಹುಳುಗಳ, ಸ್ಲೈಡಿಗೆ ಹಾಕದೆ ಉಳಿದ ತುಂಡುಗಳನ್ನೂ ಡಿಎನ್‌ಎ ಪರೀಕ್ಷೆಗೆ ಕಳಿಸಿದೆವು. ಆ ವಾರಗಳಲ್ಲಿ ಬೈರಮ್ಮ ಫಲಿತಾಂಶದ ಚಿಂತೆಯಲ್ಲಿ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚುತ್ತಿದ್ದರು.

ಫಲಿತಾಂಶ ಬಂತು. ಇಲಿಯೊಳಗಿನದೂ ಬೆಕ್ಕಿನೊಳಗಿನದೂ ಒಂದೇ ಜಾತಿ. ಈವರೆಗೆ ಯಾರೂ ದಾಖಲಿಸದ ಜಾತಿ. ಲ್ಯಾಬಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎಲ್ಲರೆದುರು ಬೈರಮ್ಮನ ಕ್ಷಮೆ ಕೇಳಿದೆ. ಹುಳುವಿಗೆ ನಿಮ್ಮ ಹೆಸರನ್ನೇ ಇಡುತ್ತೇನೆ ಎಂದೆ.

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕರು.

"ಉಳಕ್ಕೆ ನನ್ನ ಎಸ್ರು ಬ್ಯಾಡ ಸಾರ್. ಕಂಡಿಡಿದೋರ ಪಟ್ಟೀಲಿ ಆಕಿ."

ಹಾಕಿದೆ. ನನ್ನ ಹೆಸರಿಗಿಂತ ಮೇಲೆ.