ನಾನು ಮುರಿದ ಆಲ್ಬಮ್

ಹಾಡಿನ ರೆಕಾರ್ಡು ಹಪ್ಪಳದ ಹಾಗೆ ಮುರಿಯುವುದಿಲ್ಲ. ಮೊದಲು ಬಾಗುತ್ತದೆ, ಇನ್ನೂ ಬಾಗುತ್ತದೆ, ಇದು ಮುರಿಯಲಾರದೇನೋ ಅನ್ನಿಸುವಷ್ಟರಲ್ಲಿ ಪಟ್ಟನೆ ಸೀಳಿ ಅಂಗೈ ಕೊಯ್ಯುತ್ತದೆ. ಇದು ನನಗೆ ಗೊತ್ತಾದದ್ದು ಲಾಕ್‌ಡೌನ್ ಸಡಿಲಗೊಂಡ ವರ್ಷ, ಕ್ಯಾಲಿಫೋರ್ನಿಯಾದ ಗ್ಲೆಂಡೇಲಿನ ನಮ್ಮ ಮನೆಯಲ್ಲಿ, ಹದಿನಾರು ವರ್ಷದ ಮಗಳ ಕೋಣೆಯ ನಡುವೆ ನಿಂತು ಅವಳ ರೆಕಾರ್ಡನ್ನು ನನ್ನ ಮೊಣಕಾಲಿಗೆ ಒತ್ತಿ ಹಿಡಿದಾಗ.

ನನ್ನ ಕೆಲಸ ಎಲ್ ಸೆಗುಂಡೋದಲ್ಲಿ. ಉಪಗ್ರಹದ ಬಿಡಿಭಾಗಗಳನ್ನು ಮೇಜಿಗೆ ಬಿಗಿದು ಅದುರಿಸಿ, ಯಾವುದು ತಡೆಯುತ್ತದೆ, ಯಾವುದು ಬಿರುಕು ಬಿಡುತ್ತದೆ ಎಂದು ನೋಡುವ ವಿಭಾಗ. ಆ ವರ್ಷ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಗಳ ಕೋಣೆಗೂ ನನ್ನ ಮೇಜಿಗೂ ನಡುವೆ ಇದ್ದದ್ದು ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರುವ ಒಂದು ಗೋಡೆ. ಅವತ್ತು ಮೀಟಿಂಗಿನಲ್ಲಿ ನನ್ನ ಪರೀಕ್ಷೆಯ ಫಲಿತಾಂಶ ತಪ್ಪೆಂದು ನನಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ಎಲ್ಲರ ಮುಂದೆ ತೋರಿಸಿಕೊಡುತ್ತಿದ್ದ. ಗೋಡೆಯಾಚೆಯಿಂದ ಡ್ರಮ್ಮು ಶುರುವಾಯಿತು. ಯಾರೋ ಬಾಗಿಲನ್ನು ಒದೆಯುತ್ತಿರುವಂಥ ಸದ್ದು.

ಆ ಆಲ್ಬಮ್ ಸ್ಕಾಟ್ಲೆಂಡಿನ ನಾಲ್ವರದು. ಮೂವರು ಹುಡುಗರು, ಡ್ರಮ್ಮು ಬಾರಿಸುವ ಒಬ್ಬ ಹುಡುಗಿ, ಎಲ್ಲರಿಗೂ ಇಪ್ಪತ್ತು ದಾಟಿ ಒಂದೋ ಎರಡೋ ವರ್ಷ. ಅದು ಅವರ ಮೊದಲ ಆಲ್ಬಮ್. ಮಗಳು ಅದನ್ನು ಅಲ್ಲಿಂದಲೇ ತರಿಸಿಕೊಂಡಿದ್ದಳು. ಹೊದಿಕೆಯ ಮೇಲೆ ನೆನೆದ ಬಸ್ ಸ್ಟಾಪಿನ ಚಿತ್ರ, ಅದರ ಅಡಿಯಲ್ಲಿ ನಾಲ್ವರ ಸಹಿ. ಅದು ಬಂದ ದಿನ ಅವಳು ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದು ವಾಸನೆ ನೋಡಿದ್ದು ನನಗೆ ನೆನಪಿದೆ.

ನಾನು ಮೈಕು ಆರಿಸಿ ಅವಳ ಕೋಣೆಗೆ ಹೋದೆ. "ಎಷ್ಟ ಸಲ ಹೇಳಬೇಕ ನಿನಗ? ಬಂದ್ ಮಾಡು."

"ಒನ್ ಮಿನಿಟ್, ಡ್ಯಾಡ್."

ಅವಳು ಅಷ್ಟೇ ಹೇಳಿದ್ದು. ನಾನು ಪ್ಲೇಯರಿನ ಸೂಜಿಯನ್ನು ಪಕ್ಕಕ್ಕೆ ಎಳೆದು, ರೆಕಾರ್ಡು ಕಿತ್ತು ಮುರಿದೆ. ಅವಳು ನನ್ನ ತೋಳು ಹಿಡಿದಳು. ಹಿಡಿದ ಕೈ ಕೊಡವಿ ಅವಳ ಕೆನ್ನೆಗೆ ಹೊಡೆದೆ. ಹೊಡೆತಕ್ಕೆ ಅವಳ ತಲೆ ತಿರುಗಿ ಮೇಜಿನ ಅಂಚಿಗೆ ಬಡಿಯಿತು. ಎಡ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಅವಳು ಅಳಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಿಂದ ನನ್ನ ಕೈಯನ್ನೇ ನೋಡುತ್ತಿದ್ದಳು, ಅದು ಮತ್ತೆ ಏಳುತ್ತದೆಯೋ ಎಂದು.

ಕ್ಲಿನಿಕ್ಕಿನಲ್ಲಿ ಹುಬ್ಬಿಗೆ ಐದು ಹೊಲಿಗೆ ಹಾಕಿದರು. ಹೇಗಾಯಿತು ಎಂದು ನರ್ಸ್ ಕೇಳಿದಾಗ ಮಗಳು ಜಾರಿ ಬಿದ್ದೆ ಅಂದಳು. ನರ್ಸ್ ನನ್ನ ಅಂಗೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿ, ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಮತ್ತೊಮ್ಮೆ ಕೇಳಿದಳು. ಮಗಳು ಅದನ್ನೇ ಮತ್ತೆ ಹೇಳಿದಳಂತೆ. ಪಸಡೀನಾದಲ್ಲಿ ಫಾರ್ಮಸಿಸ್ಟ್ ಆಗಿರುವ ನನ್ನ ಹೆಂಡತಿ ಕೆಲಸದಿಂದ ನೇರ ಅಲ್ಲಿಗೇ ಬಂದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಪಾರ್ಕಿಂಗಿನಲ್ಲಿ ನನ್ನ ಕಾರಿನ ಪಕ್ಕ ನಿಂತು ಹೇಳಿದಳು, "ಇವತ್ತ ಅಕಿ ಸುಳ್ಳ ಹೇಳ್ಯಾಳ. ಇನ್ನೊಮ್ಮೆ ಹಿಂಗಾತಂದ್ರ ಪೊಲೀಸರಿಗೆ ಫೋನ್ ನಾನs ಮಾಡ್ತೀನಿ. ತಿಳೀತಿಲ್ರಿ?"

ತಿಳಿಯಿತು ಅಂದೆ. ಅದಕ್ಕೂ ಮೊದಲು ನಾನು ಮನುಷ್ಯರಿಗೆ ಹೊಡೆದಿರಲಿಲ್ಲ, ಆದರೆ ವಸ್ತುಗಳಿಗೆ ಹೊಡೆದಿದ್ದೆ. ಅಡುಗೆಮನೆಯ ಕಪಾಟಿನ ಬಾಗಿಲಿನಲ್ಲಿ ನನ್ನ ಮುಷ್ಟಿಯ ತೂತಿತ್ತು, ಅದರ ಮೇಲೆ ಕ್ಯಾಲೆಂಡರು ತೂಗುತ್ತಿತ್ತು. ಒಮ್ಮೆ ಕುದಿಯುವ ಸಾರಿನ ಪಾತ್ರೆಯನ್ನು ಸಿಂಕಿಗೆ ಬೀಸಿದ್ದೆ, ಹೆಂಡತಿಯ ಮುಂಗೈ ಸುಟ್ಟಿತ್ತು. "ಅಂವಾ ಸಿಟ್ಟಿನ ಮನಷ್ಯಾ" ಎಂದು ಗದಗಿನ ನಮ್ಮ ನೆಂಟರು ನನ್ನ ಎತ್ತರ, ಬಣ್ಣ ಹೇಳಿದ ಹಾಗೆಯೇ ಹೇಳುತ್ತಾರೆ. ನೆಪ ಹೇಳಿಕೊಳ್ಳಲು ನನಗೆ ಬಾಲ್ಯವೂ ಇಲ್ಲ. ನನ್ನ ಅಪ್ಪ ಒಂದು ದಿನವೂ ನನ್ನ ಮೈ ಮುಟ್ಟಿ ಹೊಡೆದವರಲ್ಲ.

ಅದಾದ ಮೇಲೆ ಮಗಳು ನನ್ನೊಂದಿಗೆ ಮಾತಾಡುವುದನ್ನು ಒಂದೊಂದು ಪದಕ್ಕೆ ಇಳಿಸಿದಳು. ಯೆಸ್. ನೋ. ಫೈನ್. ನಾನು ಅದೇ ಆಲ್ಬಮ್ಮಿನ ಹೊಸ ಪ್ರತಿ ತರಿಸಿ ಅವಳ ಮೇಜಿನ ಮೇಲಿಟ್ಟೆ. ಅದು ಅಲ್ಲೇ ಪ್ಲಾಸ್ಟಿಕ್ಕು ಬಿಚ್ಚದೆ ಧೂಳು ಹಿಡಿಯಿತು. ಎರಡು ವರ್ಷದ ನಂತರ ಅವಳು ಓದಲು ಸ್ಯಾನ್ ಡಿಯಾಗೋಗೆ ಹೋದಾಗ ಕೋಣೆಯಲ್ಲಿ ಬಿಟ್ಟುಹೋದ ಕೆಲವೇ ಸಾಮಾನುಗಳಲ್ಲಿ ಅದೂ ಒಂದು.

ನಾನು ಆ ಹಾಡುಗಳನ್ನು ಕೇಳಲು ಶುರುಮಾಡಿದ್ದು ಆಮೇಲೆ, ಆಫೀಸಿಗೆ ಹೋಗುವ ದಾರಿಯಲ್ಲಿ, ಮುಂದಿನ ಕಾರು ಅಲುಗದೆ ನಿಂತಾಗ. ಹಾಡುವವನ ಉಚ್ಚಾರದಲ್ಲಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಫೋನಿನಲ್ಲಿ ಹಾಡುಗಳ ಸಾಹಿತ್ಯ ಓದಿಕೊಂಡೆ. ನಾಲ್ಕನೆಯ ಹಾಡಿನಲ್ಲಿ ಒಬ್ಬ ಗಂಡಸು ಅಡುಗೆಮನೆಯಲ್ಲಿ ಕುರ್ಚಿ ಒಡೆಯುತ್ತಾನೆ, ಮಕ್ಕಳು ಮೆಟ್ಟಿಲ ಮೇಲೆ ಕುಳಿತು ಕುರ್ಚಿಯ ಎಷ್ಟು ಕಾಲು ಮುರಿದವೆಂದು ಎಣಿಸುತ್ತಾರೆ. ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬಂತು. ನಾನು ಹೊಡೆಯುವ ಮೊದಲೇ ಇವಳು ಇದನ್ನು ಕೇಳುತ್ತ, ನನ್ನನ್ನು ಆ ಗಂಡಸಿನ ಜಾಗದಲ್ಲಿ ಕೂರಿಸಿಕೊಂಡಿದ್ದಳೇ? ಸ್ಟಿಯರಿಂಗಿಗೆ ಹೊಡೆದೆ. ಹಾರ್ನ್ ಬಡಿದುಕೊಂಡಿತು, ಮುಂದಿನ ಕಾರಿನವನು ತಿರುಗಿ ನೋಡಿದ.

ಅವಳು ಹೋಗಿ ಕೆಲವು ತಿಂಗಳಾಗಿತ್ತು. ಆ ತಂಡ ಸ್ಯಾನ್ ಡಿಯಾಗೋಗೆ ಬರುತ್ತದೆ, ಭಾನುವಾರ ಮಧ್ಯಾಹ್ನ, ಆಲ್ಬಮ್ಮಿನ ಎಲ್ಲ ಹಾಡು ಕ್ರಮವಾಗಿ ನುಡಿಸುತ್ತಾರೆ ಎಂದು ಮಗಳು ತಾಯಿಗೆ ಹೇಳಿದ್ದಳು. ತಾಯಿ ಅದನ್ನು ನನಗೆ ಹೇಳಿದ್ದು ಚಪಾತಿ ಲಟ್ಟಿಸುತ್ತ, ಸುಮ್ಮನೆ ಸುದ್ದಿಯಾಗಿ. ನಾನು ಯಾರಿಗೂ ಹೇಳದೆ ಟಿಕೆಟ್ ತೆಗೆದೆ. ಹಿಂದೆ ನಿಂತು ನೋಡುವುದು, ಮುಗಿದ ಮೇಲೆ ಅವಳೆದುರು ಹೋಗಿ ಕ್ಷಮೆ ಕೇಳುವುದು ನನ್ನ ಯೋಚನೆ. ಕಾರಿನಲ್ಲಿ ಎರಡೂವರೆ ತಾಸು ಆ ಮಾತನ್ನು ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿನೋಡಿದೆ.

ರೆಕಾರ್ಡು ಅಂಗಡಿಯೊಂದರ ಹಿಂಭಾಗದ ಸಭಾಂಗಣ, ಮುನ್ನೂರು ಜನ ಹಿಡಿಸಬಹುದು, ಕುರ್ಚಿಗಳಿಲ್ಲ. ಗೋಡೆಗೆ ಆತು ನಿಂತೆ. ಡ್ರಮ್ಮು ಶುರುವಾದ ಕ್ಷಣ ಮುಂದಿನ ಜನ ವೃತ್ತವಾಗಿ ಬಿಚ್ಚಿಕೊಂಡು, ನಡುವೆ ಜಾಗ ಮಾಡಿ, ಒಬ್ಬರ ಮೇಲೊಬ್ಬರು ಎರಗತೊಡಗಿದರು. ಭುಜಕ್ಕೆ ಭುಜ, ಎದೆಗೆ ಮೊಣಕೈ. ಒಬ್ಬನ ಮೂಗಿನಿಂದ ರಕ್ತ ಇಳಿಯುತ್ತಿತ್ತು, ಅವನು ಅದನ್ನು ಒರೆಸಿಕೊಂಡು ನಗುತ್ತ ಮತ್ತೆ ನುಗ್ಗಿದ. ಇದು ಯಾವ ಬಗೆಯ ಕುಣಿತ ಎಂದು ನನಗೆ ತಿಳಿಯಲಿಲ್ಲ. ಆ ವೃತ್ತದ ನಡುವೆ ನನ್ನ ಮಗಳಿದ್ದಳು. ಕೂದಲು ಬಿಚ್ಚಿತ್ತು. ಬೆವರಿನಲ್ಲಿ ತೊಯ್ದು, ಬಾಯಿ ತುಂಬ ನಗುತ್ತ, ತನಗಿಂತ ಎರಡು ಪಟ್ಟು ದಪ್ಪಗಿದ್ದವನನ್ನು ಎರಡೂ ಕೈಯಿಂದ ನೂಕುತ್ತಿದ್ದಳು. ಅವಳು ಹಾಗೆ ನಗುವುದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

ಮೂರನೆಯ ಹಾಡಿನಲ್ಲಿ ಅವಳು ಬಿದ್ದಳು. ಕಾಲುಗಳ ನಡುವೆ ಕಾಣದೇ ಹೋದಳು. ಎತ್ತರದ ಯುವಕನೊಬ್ಬ ಅವಳ ಮೇಲೆ ಬಾಗಿದ, ಅವನ ಒಂದು ಕೈ ಅವಳ ಕುತ್ತಿಗೆಯ ಹತ್ತಿರವಿತ್ತು. ನಾನು ಎಷ್ಟು ಜನರನ್ನು ತಳ್ಳಿದೆನೋ ಗೊತ್ತಿಲ್ಲ. ಅವನು ತಲೆ ಎತ್ತಿದ. ನನ್ನ ಮೈಯ ಭಾರವನ್ನೆಲ್ಲ ಹಾಕಿ ಅವನ ಬಾಯಿಗೆ ಗುದ್ದಿದೆ. ಹಲ್ಲು ಮುರಿದದ್ದು ನನ್ನ ಬೆರಳಿನ ಗೆಣ್ಣಿಗೆ ತಿಳಿಯಿತು. ಎರಡನೆಯ ಗುದ್ದು ಅವನ ಕಿವಿಗೆ ಬಿತ್ತು. ಅವನು ತಿರುಗಿ ಹೊಡೆಯಲಿಲ್ಲ. ಅವನ ಎರಡೂ ತೋಳು ನನ್ನ ಮಗಳ ಕಂಕುಳಡಿ ಇದ್ದವು. ಅವಳನ್ನು ನೆಲದಿಂದ ಎತ್ತುತ್ತಿದ್ದವನು ಅವನು. ನಾನು ಗುದ್ದಿದಾಗಲೂ ಕೈಬಿಟ್ಟಿರಲಿಲ್ಲ.

"ಡ್ಯಾಡ್," ಅಂದಳು ಮಗಳು. ಕೂಗಲಿಲ್ಲ. ನಾನು ಅಲ್ಲಿರುವುದು ಅವಳಿಗೆ ಆಶ್ಚರ್ಯವೂ ಅಲ್ಲವೇನೋ ಎಂಬ ದನಿ.

ಆಮೇಲೆ ನನ್ನ ಮೇಲೆ ಜನ ಬಿದ್ದರು. ಹಿಂದಿನಿಂದ ಯಾರೋ ಕೊರಳಿಗೆ ತೋಳು ಹಾಕಿ ಕೆಡವಿದರು. ಪಕ್ಕೆಗೆ ಬೂಟಿನ ಒದೆತ, ಮತ್ತೊಂದು, ಮತ್ತೊಂದು. ಉಸಿರು ನಿಂತಿತು. ನೆಲದ ಬಿಯರಿನಲ್ಲಿ ಕೆನ್ನೆ ಒತ್ತಿಹೋಗಿ, ಬಾಯಿಗೆ ನನ್ನದೇ ರಕ್ತದ ರುಚಿ ಬಂತು. ಇಬ್ಬರು ಸೆಕ್ಯೂರಿಟಿಯವರು ಬೆನ್ನಿನ ಮೇಲೆ ಮೊಣಕಾಲೂರಿ ಕೈ ತಿರುಚಿದರು. ಸಂಗೀತ ನಿಂತಿತು. ಹಾಡುವ ಹುಡುಗ ಮೈಕಿನಲ್ಲಿ ಏನೋ ಹೇಳಿದ. ಅಷ್ಟು ದಿನ ಅರ್ಥವಾಗದ ಅವನ ಇಂಗ್ಲಿಷು ಅವತ್ತು ಪೂರ್ತಿ ಅರ್ಥವಾಯಿತು. ಅವನನ್ನು ಒದೆಯಬೇಡಿ, ಸಾಕು, ಹೊರಗೆ ಕರೆದುಕೊಂಡು ಹೋಗಿ, ಅಂದ. ಆಮೇಲೆ, ಹುಡುಗಿಗೆ ಏನೂ ಆಗಿಲ್ಲ ತಾನೆ, ಎಂದು ಕೇಳಿದ.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೈಕೋಳ ಹಾಕಿ ನನ್ನನ್ನು ಪೊಲೀಸ್ ಕಾರಿಗೆ ಒರಗಿಸಿದ್ದರು. ಯುವಕ ಫುಟ್‌ಪಾತಿನ ಅಂಚಿಗೆ ಕುಳಿತು ಬಾಯಿಗೆ ಐಸ್ ಹಿಡಿದುಕೊಂಡಿದ್ದ. ಅವನು ಮಗಳ ಜೊತೆ ಓದುವವನು, ಅವಳಿದ್ದ ಮನೆಯಲ್ಲೇ ಇನ್ನೊಂದು ಕೋಣೆಯಲ್ಲಿರುವವನು ಎಂದು ಆಗ ತಿಳಿಯಿತು. ದೂರು ಕೊಡುತ್ತೀಯಾ ಎಂದು ಪೊಲೀಸ್ ಹೆಂಗಸು ಅವನನ್ನು ಕೇಳಿದಳು. ಅವನು ಮಾತಾಡಲಾಗದೆ, ಅವಳನ್ನೇ ಕೇಳಿ ಎಂಬಂತೆ ನನ್ನ ಮಗಳ ಕಡೆ ಕೈ ತೋರಿಸಿದ.

ಅವಳು ನನ್ನ ಪರವಾಗಿ ಏನಾದರೂ ಹೇಳುತ್ತಾಳೆ ಎಂದು ಆ ಕ್ಷಣದಲ್ಲೂ ನಾನು ಕಾದೆ. ಕ್ಲಿನಿಕ್ಕಿನಲ್ಲಿ ಹೇಳಿದ್ದಳಲ್ಲ. ಅವಳು ಹಣೆಯ ಮೇಲಿನ ಕೂದಲು ಸರಿಸಿ, ಎಡ ಹುಬ್ಬಿನಲ್ಲಿ ಕೂದಲು ಬೆಳೆಯದ ಬಿಳಿ ಗೆರೆಯನ್ನು ಆ ಹೆಂಗಸಿಗೆ ತೋರಿಸಿದಳು. "ಇದು ಮೊದಲ ಸಲ ಅಲ್ಲ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. ರೆಕಾರ್ಡು, ಕಪಾಟಿನ ತೂತು, ಅಮ್ಮನ ಮುಂಗೈ, ಎಲ್ಲ. ದನಿ ಎತ್ತದೆ, ಒಂದಾದ ಮೇಲೊಂದು. ನಾನು ಮರೆತಿದ್ದವೂ ಅದರಲ್ಲಿದ್ದವು. ಏಳು ವರ್ಷದವಳಿದ್ದಾಗ ಹೋಮ್‌ವರ್ಕ್ ಮಾಡಲಿಲ್ಲವೆಂದು ಅವಳು ಕುಳಿತಿದ್ದಾಗಲೇ ಆ ಕುರ್ಚಿಯನ್ನು ನಾನು ಒದ್ದದ್ದು. ಮನುಷ್ಯರಿಗೆ ಹೊಡೆದಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದನ್ನು ಹಾಗೇ ಬಿಟ್ಟಿದ್ದೇನೆ. ಆ ಬೀದಿಯಲ್ಲಿ ನಿಲ್ಲುವ ತನಕ ನಾನು ಅದನ್ನು ನಂಬಿದ್ದೆ.

ಮರುದಿನ ಬೆಳಿಗ್ಗೆ ನನ್ನನ್ನು ಲಾಕಪ್ಪಿನಿಂದ ಬಿಡಿಸಿಕೊಳ್ಳಲು ಹೆಂಡತಿ ಬರಲಿಲ್ಲ. ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಕೆಲಸದಲ್ಲಿರುವ ಬೆಂಗಳೂರಿನ ಗೆಳೆಯ ಬಂದ. ನನ್ನ ಊದಿದ ಮುಖ ನೋಡಿ, "ಏನ್ ಸಾರ್ ಇದು, ಯಾರಾದ್ರೂ ಅಟ್ಯಾಕ್ ಮಾಡಿದ್ರಾ?" ಎಂದ.

"ಇಲ್ಲ. ನಾನs ಮಾಡಿದ್ದು."

ಅವನು ಕಾರಿನ ಬಾಗಿಲು ತೆಗೆದ.

ಪಕ್ಕೆಯ ಎರಡು ಎಲುಬು ಬಿರುಕು ಬಿಟ್ಟಿದ್ದವು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ. ಜೈಲಿನ ಬದಲು ಒಂದು ವರ್ಷ, ಪ್ರತಿ ಶನಿವಾರ ಬೆಳಿಗ್ಗೆ, ಸಿಟ್ಟನ್ನು ಹಿಡಿತದಲ್ಲಿಡುವ ಕ್ಲಾಸಿಗೆ ಹೋಗಬೇಕೆಂದರು. ಹೆಂಡತಿ ಪಸಡೀನಾದಲ್ಲಿ ಬೇರೆ ಮನೆ ಮಾಡಿದಳು. ಹೊರಡುವ ದಿನ ಕುಕ್ಕರು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ನಿಮಗ ಅಂಜಿ ಅಂಜಿ ಅಡಗಿ ಮಾಡೂದು ಸಾಕಾಗೇದ್ರಿ," ಅಂದಳು. ನನಗೆ ಅವಳು ಅಂಜುತ್ತಾಳೆಂಬುದೇ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು, ಅದು ನನಗೆ ಅನುಕೂಲವಾಗಿತ್ತು.

ಕ್ಲಾಸಿನಲ್ಲಿ ನಾವು ಹನ್ನೊಂದು ಜನ ಸುತ್ತ ಕೂರುತ್ತಿದ್ದೆವು. ಒಬ್ಬೊಬ್ಬರೂ ತಾವು ಮಾಡಿದ್ದನ್ನು "ಆಯಿತು" ಅನ್ನದೆ "ಮಾಡಿದೆ" ಎಂದು ಹೇಳಬೇಕು. ಎರಡು ತಿಂಗಳು ನಾನು "ಅವಳಿಗೆ ಪೆಟ್ಟಾಯಿತು" ಎಂದೇ ಹೇಳುತ್ತಿದ್ದೆ, ಪ್ರತಿ ಸಲ ಮೊದಲಿನಿಂದ ಶುರುಮಾಡಿಸುತ್ತಿದ್ದರು. "ನನ್ನ ಮಗಳ ಹುಬ್ಬು ಸೀಳುವ ಹಾಗೆ ಹೊಡೆದೆ" ಎಂದು ಪೂರ್ತಿ ವಾಕ್ಯ ಬಾಯಿಂದ ಹೊರಟದ್ದು ಮೂರನೆಯ ತಿಂಗಳಲ್ಲಿ.

ಕ್ಲಾಸು ಮುಗಿಯುವ ಹೊತ್ತಿಗೆ ಮಗಳ ಮೆಸೇಜು ಬಂತು. ಸ್ಯಾನ್ ಡಿಯಾಗೋದ ಕಾಫಿ ಅಂಗಡಿಯಲ್ಲಿ, ಹಗಲು, ಆ ಯುವಕನೂ ಇರುತ್ತಾನೆ, ಒಪ್ಪಿದರೆ ಬನ್ನಿ. ಹೋದೆ. ಅವನ ಮುಂದಿನ ಹಲ್ಲು ಹೊಸದು, ಉಳಿದವಕ್ಕಿಂತ ಬಿಳಿ. ನಾನು ಅವನ ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ, ಪರವಾಗಿಲ್ಲ ಅನ್ನಲಿಲ್ಲ. ಮಗಳನ್ನು ನಾಲ್ಕನೆಯ ಹಾಡಿನ ಬಗ್ಗೆ ಕೇಳಿದೆ, ಅದನ್ನು ನನ್ನನ್ನು ನೆನೆದು ಕೇಳುತ್ತಿದ್ದೆಯಾ ಎಂದು.

ಅವಳು ಹೇಳಿದಳು, "ನನಗೆ ಆ ಹಾಡು ಇಷ್ಟವೇ ಇಲ್ಲ. ನಾನು ಯಾವಾಗಲೂ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಆ ಆಲ್ಬಮ್ ತರಿಸಿದ್ದು ಡ್ರಮ್ಮಿಗೆ. ಎಲ್ಲವೂ ನಿಮ್ಮ ಬಗ್ಗೆ ಅಲ್ಲ, ಡ್ಯಾಡ್." ಆಮೇಲೆ ಕಪ್ಪಿನ ಮುಚ್ಚಳ ತಿರುಗಿಸುತ್ತ, ನಾನು ನಿಮ್ಮನ್ನು ಕ್ಷಮಿಸಿಲ್ಲ, ಆದರೆ ತಿಂಗಳಿಗೊಮ್ಮೆ ಸಿಗಬಹುದು, ಅಂದಳು.

ಈಗ ತಿಂಗಳಿಗೊಮ್ಮೆ ಸಿಗುತ್ತೇವೆ. ಯುವಕ ಬರುವುದು ನಿಂತಿದೆ. ಹೋದ ತಿಂಗಳು ಊಟ ಮುಗಿಸಿ ಪಾರ್ಕಿಂಗಿಗೆ ನಡೆಯುತ್ತಿದ್ದಾಗ, ಹಿಂದಕ್ಕೆ ಬಂದ ಪಿಕಪ್ ಟ್ರಕ್ಕೊಂದು ಇನ್ನೇನು ನಮಗೆ ತಾಗುವಂತೆ ಬಂದು ನಿಂತಿತು. ಚಾಲಕ ಕಿಟಕಿ ಇಳಿಸಿ, ಕಣ್ಣು ಕಾಣುವುದಿಲ್ಲವೇ ಎಂದು ನನಗೇ ಬೈದ. ಬೈಗುಳದಲ್ಲಿ ನನ್ನ ದೇಶವೂ ಇತ್ತು. ಅವನ ಕೊರಳಪಟ್ಟಿ ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಹಿಡಿದು ಹೊಡೆಯಬೇಕೆಂದಿದ್ದೆ. ಪಕ್ಕಕ್ಕೆ ನೋಡಿದೆ. ಮಗಳು ಟ್ರಕ್ಕಿನ ಕಡೆ ನೋಡುತ್ತಿರಲಿಲ್ಲ. ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದು, ಭುಜ ಮೇಲೆತ್ತಿ ನಿಂತಿದ್ದಳು.

ಎರಡೂ ಕೈ ಜೇಬಿಗೆ ತುರುಕಿದೆ. ಟ್ರಕ್ಕು ಹೋಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ನನ್ನ ಪಕ್ಕದಿಂದ ಹಾಯದೆ, ನನ್ನ ಕಾರನ್ನು ಸುತ್ತು ಹಾಕಿ ಆಚೆ ಬದಿಯಿಂದ ಬಂದು ಬಾಗಿಲು ತೆಗೆದಳು.