ಆರನೆಯವನು

ಸುಮ್ಮನೆ ಕೂತದ್ದಕ್ಕೆ ಸಂಬಳ ಪಡೆದವನು ನಾನು. ಸರ್ಕಾರಿ ಕೆಲಸವೇ ಎಂದು ಕೇಳಬೇಡಿ, ಅದು ಆಮೇಲೆ ಸಿಕ್ಕಿತು. ಅದಕ್ಕೂ ಮೊದಲು ಶಿಡ್ಲಘಟ್ಟದ ರೇಷ್ಮೆ ವರ್ತಕರೊಬ್ಬರು ಕಟ್ಟಿದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ಆಡುವುದೇ ಉದ್ಯೋಗ. ಅಂಕಣಕ್ಕೆ ಐವರು ಇಳಿಯುತ್ತಿದ್ದರು. ನಾನು ಆರನೆಯವನು, ಬೆಂಚಿನವನು.

ಈ ಆಟ ಹುಟ್ಟಿದ್ದು ಹಣ್ಣಿನ ಬುಟ್ಟಿಗೆ ಚೆಂಡು ಎಸೆಯುತ್ತ ಎಂದು ಓದಿದ್ದೇನೆ. ನಮ್ಮ ತಂಡ ಬೆಳೆದದ್ದು ರೇಷ್ಮೆಗೂಡಿನ ಬುಟ್ಟಿಗಳ ನಡುವೆ. ನೂಲು ಬಿಚ್ಚುವ ಘಟಕದ ಹಿಂದಿನ ಅಂಗಳವೇ ಅಂಕಣ. ಬೇಯುವ ಗೂಡಿನ ನಾತಕ್ಕೆ ಹೊರಗಿನ ತಂಡಗಳು ಅರ್ಧ ಸೋತೇ ಆಟಕ್ಕಿಳಿಯುತ್ತಿದ್ದವು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲ ಕಡೆಯೂ ಗೆದ್ದೆವು. ಗೆದ್ದೆವು ಎನ್ನುವಾಗ ನನ್ನನ್ನೂ ಸೇರಿಸಿಕೊಳ್ಳುವುದು ನನ್ನ ಹಳೆಯ ಚಾಳಿ.

ನಾಯಕ ನಯಾಜ್ ಭಾಯ್. ಪ್ರತಿ ಪಂದ್ಯ ಮುಗಿದ ಮೇಲೂ ಬೆವರು ಒರೆಸಿಕೊಳ್ಳುತ್ತ, "ಮುಂದಿನ ಮ್ಯಾಚಲ್ಲಿ ನೀನು ಇಳೀತೀಯ ಕಣಪ್ಪ, ಗ್ಯಾರಂಟಿ" ಎನ್ನುತ್ತಿದ್ದರು. ನಾನು ನಂಬುತ್ತಿದ್ದೆ. ಒಂದೇ ಒಂದು ಸಲ ಅವರ ಜೊತೆ ಇಳಿಯಬೇಕು ಎನ್ನುವುದು ಬಿಟ್ಟರೆ ಆ ವಯಸ್ಸಿನಲ್ಲಿ ನನಗೆ ಬೇರೆ ಆಸೆಯೇ ಇರಲಿಲ್ಲ. ಅಷ್ಟರಲ್ಲಿ ಹೊರದೇಶದ ರೇಷ್ಮೆ ಅಗ್ಗವಾಗಿ ಬಂದು ಘಟಕ ಮುಚ್ಚಿತು, ಜೊತೆಗೆ ತಂಡವೂ. ಆ ಮುಂದಿನ ಪಂದ್ಯ ಬರಲೇ ಇಲ್ಲ. ವರ್ಷಗಳಾದ ಮೇಲೂ ಸಂತೆಯಲ್ಲಿ ಸಿಕ್ಕರೆ ಅದೇ ಮಾತು: "ಇನ್ನೊಂದು ಟೀಮ್ ಕಟ್ಟಣ ಇರಪ್ಪ, ಫಸ್ಟ್ ನೀನೇ." ಹೇಳುವವರೂ ಕೇಳುವವನೂ ಮಂಡಿ ನೀವಿಕೊಳ್ಳುತ್ತಿದ್ದೆವು.

ಕಳೆದ ತಿಂಗಳು ನಯಾಜ್ ಭಾಯ್ ತೀರಿಕೊಂಡರು. ಸುದ್ದಿ ಕೇಳಿ ಮಕ್ಕಳಂತೆ ಅತ್ತೆ. ಶವ ಹೊತ್ತು ಜನಾಜ ಹೊರಟಾಗ ನನ್ನ ರೂಢಿಯಂತೆ ಪಕ್ಕಕ್ಕೆ ನಿಂತೆ. ಅವರಲ್ಲಿ ಹೊರುವವರು ಇಂಥವರೇ ಎಂದಿಲ್ಲ. ಬಂದವರೆಲ್ಲ ನಾಲ್ಕು ಹೆಜ್ಜೆ ಹೆಗಲು ಕೊಡುತ್ತಾರೆ, ಹಿಂದಿನಿಂದ ಬಂದವರಿಗೆ ಬಿಟ್ಟು ಸರಿಯುತ್ತಾರೆ. ಅದು ನನಗೂ ಸಲ್ಲುತ್ತದೋ ಇಲ್ಲವೋ ತಿಳಿಯಲಿಲ್ಲ. ಅವರ ಮಗ ತಿರುಗಿ ನೋಡಿದ.

"ಅಂಕಲ್, ಅಲ್ಲ್ಯಾಕೆ ನಿಂತ್ಕೊಂಡ್ರಿ? ಬನ್ನಿ, ಅಬ್ಬಾಗೆ ಹೆಗಲು ಕೊಡಿ."

ಕೊಟ್ಟೆ. ಕುಳ್ಳ ನಾನು, ತುದಿಗಾಲಲ್ಲೇ ನಡೆದೆ. ಕಣ್ಣು ತುಂಬಿ ದಾರಿ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ತೋಳು ಮುಟ್ಟಿ ಭಾರವನ್ನು ತಾನು ತೆಗೆದುಕೊಂಡ. ಜನ್ಮದಲ್ಲಿ ಮೊದಲ ಸಲ ನನ್ನ ಬದಲಿಗೆ ಇನ್ನೊಬ್ಬ ಇಳಿದಿದ್ದ. ಹೊರಗೆ ಬರುವುದು ಇಷ್ಟು ಕಷ್ಟ ಎಂದು ಗೊತ್ತಿದ್ದರೆ, ಬೆಂಚಿನ ಮೇಲೆ ಕೂತು ಅಷ್ಟೊಂದು ಬೇಸರ ಪಡುತ್ತಿರಲಿಲ್ಲ.